ಸ್ಟಾಫ್‌ರೂಮಿನ ಕಿಟಕಿಯಲ್ಲಿ ಭೀಮ

ಈ ವರ್ಷದ ಎಳ್ಳಮಾವಾಸ್ಯೆಯ ದಿನ ಯಲಬುರ್ಗಾ ತಾಲ್ಲೂಕಿನ ಮಂಗಳೂರು ಎಂಬ ಹಳ್ಳಿಯ ಸಮೀಪದ ಹೊಲವೊಂದರಲ್ಲಿ, ಬನ್ನಿ ಗಿಡದ ಬುಡದಲ್ಲಿದ್ದ ಐದು ಕಲ್ಲುಗಳಿಗೆ ಸುಣ್ಣ ಬಳಿದು ಪೂಜೆ ಮಾಡಿದರು. ಬೇರೆ ಸುದ್ದಿಯ ಕೆಲಸಕ್ಕೆ ಆ ದಾರಿಯಲ್ಲಿ ಹೊರಟಿದ್ದ ನಾನು, ಊಟಕ್ಕೆ ಕರೆದರೆಂದು ಹೊಲಕ್ಕಿಳಿದೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಸುಣ್ಣದ ನೀರು ಬಿದ್ದಾಗ ಏಳುವ ವಾಸನೆ ಮೂಗಿಗೆ ಬಡಿಯಿತು. ಅಕ್ಕೋರು ನೆನಪಾದರು...

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಎನ್ನುತ್ತಾರೆ. ಇವರು ಕುಷ್ಟಗಿಯಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದರು. ಆಗ ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಅವರು ದಿನಾ ಬಸ್ಸು ಹತ್ತಿ ಹಳ್ಳಿಯೊಂದರ ಹೈಸ್ಕೂಲಿಗೆ ಹೋಗಿ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ಇತಿಹಾಸವನ್ನು, ಪೌರನೀತಿಯನ್ನು ಪುಸ್ತಕದಲ್ಲಿದ್ದಂತೆ ಹೇಳಿ ಮುಗಿಸುತ್ತಿದ್ದರಂತೆ. ಭೂಗೋಳ ಬಂದರೆ ಮಾತ್ರ ಪುಸ್ತಕ ಮುಚ್ಚಿಡುತ್ತಿದ್ದರು.

ಅವರು ಬೆಳೆದದ್ದು ಮುನಿರಾಬಾದಿನ ಡ್ಯಾಂ ಕಾಲೊನಿಯಲ್ಲಿ. ತಂದೆ ನೀರಾವರಿ ಕಚೇರಿಯಲ್ಲಿದ್ದರು. ಸುತ್ತ ಎತ್ತ ನೋಡಿದರೂ ಗುಂಡುಗಲ್ಲುಗಳ ಗುಡ್ಡ. ಇವನ್ನು ಯಾರು ಒಟ್ಟಿದರು ಎಂದು ಮಗಳು ಕೇಳಿದಾಗ, ಮಂಗಗಳು ಒಟ್ಟಿಹೋದವು ಎಂದು ಅಪ್ಪ ಹೇಳಿದ್ದರು. ಒಂದೇ ಬಂಡೆ ಬಿರುಕು ಬಿಟ್ಟು, ಬಿರುಕಿನೊಳಗೆ ನೀರಿಳಿದು, ಮೂಲೆಗಳು ಸವೆದು, ಇದ್ದ ಜಾಗದಲ್ಲಿಯೇ ಗುಂಡಾಗುತ್ತದೆ ಎಂಬುದು ಅವರಿಗೆ ಕಾಲೇಜಿನಲ್ಲಿ ತಿಳಿಯಿತು. "ಅಪ್ಪ ಹೇಳಿದ್ದು ಛಲೋ ಕಥಿನ ಬಿಡ್ರಿ," ಎನ್ನುತ್ತಿದ್ದರು. "ಆದ್ರ ಕಲ್ಲು ತಾನ ಹೇಳೂ ಕಥಿ ಅದಕ್ಕಿಂತ ಭಾಳ ಉದ್ದ ಐತಿ."

ಚಳಿಗಾಲದಲ್ಲಿ ವರ್ಷಕ್ಕೊಮ್ಮೆ ಒಂಬತ್ತನೇ ತರಗತಿಯ ಮಕ್ಕಳನ್ನು ಊರ ಹಿಂದಿನ ಗುಡ್ಡಕ್ಕೆ ಕರೆದೊಯ್ಯುವುದು ಅವರ ಪದ್ಧತಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ, ಇಳಿಹೊತ್ತಿಗೆ ಚೀಲದ ತುಂಬ ಕಲ್ಲು ಹೊತ್ತು ಬರುವುದು. ಗಂಡುಹುಡುಗರಿಗೆ ಅದೇನು ಹೊಸದಲ್ಲ. ಹುಡುಗಿಯರಿಗೆ ಮನೆ, ಶಾಲೆ, ಹೊಲ ಬಿಟ್ಟರೆ ಕಾಲಿಡಲು ಸಿಗುತ್ತಿದ್ದ ಇನ್ನೊಂದು ಜಾಗ ಆ ಗುಡ್ಡ. ಪ್ರತಿ ವರ್ಷ ಮನೆಮನೆಗೆ ಹೋಗಿ, ಚಹಾ ಕುಡಿದು, ಬೈಸಿಕೊಂಡು ಒಪ್ಪಿಗೆ ತರುತ್ತಿದ್ದರು. ಒಂದು ವರ್ಷ ಅದೂ ನಿಲ್ಲುವ ಹಂತಕ್ಕೆ ಬಂತು.

ಆದದ್ದು ಇಷ್ಟು. ಗುಡ್ಡದಿಂದ ಇಳಿದು ಬರುವಾಗ ಹೊಲವೊಂದರ ಅಂಚಿನಲ್ಲಿ, ಬನ್ನಿ ಗಿಡದ ಕೆಳಗೆ, ಅಕ್ಕೋರಿಗೆ ಒಂದು ಕರಿಕಲ್ಲು ಕಂಡಿತು. ಹಿಡಿಯಲ್ಲಿ ಹಿಡಿದರೆ ತೂಕ ಗೊತ್ತಾಗುವ, ಸಣ್ಣ ಕಣದ, ಎಲ್ಲೂ ಬಿರುಕಿಲ್ಲದ ಕಲ್ಲು. ಬಹಳ ದಿನದಿಂದ ಹುಡುಕುತ್ತಿದ್ದರು. ಒಬ್ಬ ಹುಡುಗಿಯ ಚೀಲಕ್ಕೆ ಹಾಕಿಸಿದರು. ಅದು ಆ ಹೊಲದವರು ಎಳ್ಳಮಾವಾಸ್ಯೆಗೆ ಪೂಜಿಸುವ ಐದು ಪಾಂಡವರಲ್ಲಿ ಒಂದು. ಹೋದ ವರ್ಷದ ಸುಣ್ಣ ಮಳೆಗೆ ತೊಳೆದುಹೋಗಿತ್ತು. ಮಕ್ಕಳಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಕೇಳಿದರೆ, "ಅಕ್ಕೋರಿಗೆ ಗೊತ್ತಿರತೈತಿ ಅಂದ್ಕೊಂಡ್ವಿರಿ" ಎಂದರಂತೆ.

ಕಲ್ಲು ಸ್ಟಾಫ್‌ರೂಮಿನ ಕಿಟಕಿಯಲ್ಲಿ ಕೂತಿತು. ಅದರ ಬೆನ್ನಿಗೆ 'ಅಗ್ನಿಶಿಲೆ' ಎಂಬ ಚೀಟಿ ಅಂಟಿತು. ಹಬ್ಬಕ್ಕೆ ವಾರವಿದೆ ಎನ್ನುವಾಗ ಆ ಹೊಲದ ಮುದುಕಿ ಮಗನೊಂದಿಗೆ ಶಾಲೆಗೇ ಬಂದರು.

"ನಮ್ಮ ಭೀಮಣ್ಣನ್ನ ತಂದು ಕಿಟಕ್ಯಾಗ ಕುಂದ್ರಿಸೀರಿ! ಬೆನ್ನಿಗೆ ಚೀಟಿ ಬ್ಯಾರೆ! ಎಷ್ಟನೇ ಇಯತ್ತೆಗೆ ಹಾಕೀರಿ ಅವನ್ನ?"

ಮಕ್ಕಳು ನಕ್ಕರು. ಮುದುಕಿಯ ಮಗ ನಗಲಿಲ್ಲ. ಆತ ಶಾಲಾ ಸಮಿತಿಯ ಸದಸ್ಯ. ದೇವರು ಯಾವುದು, ಕಲ್ಲು ಯಾವುದು ಎಂದು ತಿಳಿಯದವರ ಜೊತೆ ಇನ್ನು ಮುಂದೆ ಹೆಣ್ಣುಮಕ್ಕಳು ಗುಡ್ಡಕ್ಕೆ ಹೋಗುವುದು ಬೇಡ ಎಂದ. ಉಳಿದ ಮನೆಗಳಿಗೂ ಬೇಕಾಗಿದ್ದು ಅಂಥದೊಂದು ಕಾರಣ. ಮುಖ್ಯೋಪಾಧ್ಯಾಯರು ಯಾರ ಮಾತಿಗೂ ಎದುರಾಡುವವರಲ್ಲ. ನಡಿಗೆ ಬಂದ್ ಎಂದರು. ಮುದುಕಿ ಮಾತ್ರ ಹೋಗುವಾಗ ಕಲ್ಲನ್ನು ಒಯ್ಯಲಿಲ್ಲ. ಒಯ್ದವರೇ ತಂದು ಕುಂದರಿಸಬೇಕು, ಅದೂ ಹಬ್ಬದ ದಿನ, ಎಂದು ಹೇಳಿಹೋದರು.

ಅಂದು ಸಂಜೆ ಅಕ್ಕೋರು ನಮ್ಮ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಕಲ್ಲನ್ನು ಮರಳಿಸಬೇಕಾದದ್ದಕ್ಕೆ ಅವರಿಗೆ ಬೇಸರವಿರಲಿಲ್ಲ. "ಮುಂದಿನ ವರ್ಷ ಒಂಬತ್ತನೇತ್ತಕ್ಕ ಬರೂ ಹುಡುಗೀರು ಈಗ ಕೇಳ್ಲಿಕ್ಕ ಹತ್ತ್ಯಾವ, ಗುಡ್ಡಕ್ಕ ಯಾವಾಗ ಹೋಗೂದು ಅಂತ. ಏನ ಹೇಳ್ಲಿ?" ಎಂದರು. ಎದ್ದು ಹೊರಡುವಾಗ, "ನೀವೂ ಬರ್ರಿ ಹಬ್ಬಕ್ಕ. ಪೇಪರ್‌ನವರು ಇದ್ರ ಬೈಗಳ ಜರಾ ಕಮ್ಮಿ ಆಗತಾವ" ಎಂದರು. ಹೋದೆ.

ಬೈಗಳು ಕಡಿಮೆಯಾಗಲಿಲ್ಲ. ಅಕ್ಕೋರು ಕಲ್ಲನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಬದುವಿನ ಮೇಲೆ ನಡೆದು ಬಂದರೆ, ಮುದುಕಿ ನನ್ನ ಕಡೆ ಕೈ ಮಾಡಿ, "ಪೇಪರಿನಾವನ್ನ ಕರಕೊಂಡು ಬಂದಾಳ ನೋಡು. ಬರೀಲಿ, ಭೀಮ ಸಾಲಿ ಬಿಟ್ಟ ಅಂತ ಬರೀಲಿ" ಎಂದರು. ಅಕ್ಕೋರು ಕಲ್ಲನ್ನು ಅದರ ಜಾಗದಲ್ಲಿ ಇಟ್ಟು, ತಾವೇ ಸುಣ್ಣ ಬಳಿಯಲು ಕೂತರು. ಬಳಿಯುತ್ತ ಬಳಿಯುತ್ತ ಕೈ ನಿಂತಿತು. ಐದೂ ಕಲ್ಲು ಬೇರೆ ಬೇರೆ ಜಾತಿಯವಾಗಿದ್ದವು. ಒಂದು ಗುಲಾಬಿ, ಒಂದು ಕರಿ, ಒಂದು ಬೆಣಚು, ಒಂದು ಹಸಿರು ಛಾಯೆಯದು, ಒಂದಕ್ಕೆ ಮೈತುಂಬ ಪಟ್ಟೆ. ಮುದುಕಿಯ ಮಾವ ಯಾವ ಕಾಲದಲ್ಲೋ ಆರಿಸಿ ತಂದಿಟ್ಟವು.

"ಏನ ನೋಡ್ತಿ?" ಎಂದರು ಮುದುಕಿ.

"ಯಮ್ಮಾ, ನಿಮ್ಮ ಮಾವನೋರು ಐದೂ ಬ್ಯಾರೆ ಬ್ಯಾರೆ ಆರಿಸ್ಯಾರ ನೋಡ್ರಿ."

ಅಕ್ಕೋರು ಸುಣ್ಣದ ಕೈ ಹಾಗೆಯೇ ಹಿಡಿದುಕೊಂಡು ಹೇಳತೊಡಗಿದರು. ಗುಲಾಬಿ ಕಲ್ಲು ನೆಲದ ಆಳದಲ್ಲಿ ಕುದಿಯುತ್ತಿದ್ದದ್ದು, ನಿಧಾನ ಆರಿದ್ದು. ಅದಕ್ಕೇ ಹರಳು ದಪ್ಪ. ಕಲ್ಲುಸಕ್ಕರೆ ಅವಸರಕ್ಕೆ ಆಗುತ್ತದೆಯೇ? ಹಸಿರು ಛಾಯೆಯದು ಸಮುದ್ರದ ತಳದಲ್ಲಿ ಉಕ್ಕಿದ ಬೆಂಕಿಯಿಂದ ಆದದ್ದು. ಇಲ್ಲಿ, ಈ ಜೋಳದ ಹೊಲದ ಸುತ್ತಿನಲ್ಲಿ, ಒಂದು ಕಾಲಕ್ಕೆ ಸಮುದ್ರ... ಊಟಕ್ಕೆ ಬಂದ ಜನ ಒಬ್ಬೊಬ್ಬರಾಗಿ ಸುತ್ತ ಕೂತರು.

"ಹಂಗಾರ ಇದರಾಗ ಹಿರ್ಯಾ ಯಾವ?" ಎಂದು ಮುದುಕಿ ಕೇಳಿದರು.

ಅಕ್ಕೋರು ಪಟ್ಟೆಯ ಕಲ್ಲು ತೋರಿಸಿದರು. ಅದು ಆ ಮನೆಯ ಲೆಕ್ಕದಲ್ಲಿ ಸಹದೇವ. ಹಾಗಾದರೆ ಕಿರಿಯ ಯಾರು ಎಂದರೆ, ಕರಿಕಲ್ಲು. ಹಳೆಯ ಬಂಡೆಗಳು ಸೀಳಿದಾಗ ಆ ಸೀಳಿನೊಳಗೆ ನುಗ್ಗಿ ಬಂದು ಬೇಗ ಆರಿದ ಕಲ್ಲು ಅದು. ಬೆಣಚುಕಲ್ಲಿನ ವಯಸ್ಸು ತಮಗೂ ತಿಳಿಯದು ಎಂದರು.

ಮಗನ ಮುಖ ಬಿಗಿಯಿತು. "ಸಹದೇವ ಹಿರ್ಯಾ, ಭೀಮ ಕಿರ್ಯಾ! ಮೊದಲು ಒಯ್ದ್ರು, ಈಗ ಮನಿತನಾನ ತಿರುವಿ ಹಾಕ್ತಾರ."

ಮುದುಕಿ ಕರಿಕಲ್ಲನ್ನು ಒಂದು ಗಳಿಗೆ ನೋಡಿದರು. ಬುಟ್ಟಿಗೆ ಕೈ ಹಾಕಿ ಇನ್ನೊಂದು ಎಳ್ಳ ಹೋಳಿಗೆ ತೆಗೆದು ಅದರ ಮುಂದಿಟ್ಟರು. "ಸಣ್ಣ ಮಗ ಅಲ್ಲೇನು? ಅದಕ್ಕ ಅಷ್ಟು ಹಸಿವಿ ಇವಂಗ." ಕಲ್ಲುಗಳ ಸಾಲು ಮಾತ್ರ ಇದ್ದ ಹಾಗೆಯೇ ಇತ್ತು. ಧರ್ಮರಾಯನೇ ಮೊದಲಿಗ.

ಭೂಮಿತಾಯಿಗೆಂದು ಹೊಲದ ತುಂಬ ಎಡೆಯ ಚರಗ ಚೆಲ್ಲಿ ಬಂದು ಊಟಕ್ಕೆ ಕೂತಾಗ ಭೂಮಿಯ ಮಾತು ಮುಂದುವರಿಯಿತು. ಈ ನೆಲ ಒಂದಾನೊಂದು ಕಾಲಕ್ಕೆ ಆಫ್ರಿಕಾಕ್ಕೆ ಅಂಟಿಕೊಂಡಿತ್ತು, ಕಿತ್ತುಕೊಂಡು ಉತ್ತರಕ್ಕೆ ಬಂದು ಏಷ್ಯಾಕ್ಕೆ ಹಾಯ್ದಾಗ ಹಿಮಾಲಯ ಎದ್ದಿತು, ಈಗಲೂ ಉಗುರು ಬೆಳೆಯುವಷ್ಟು ಮೆಲ್ಲಗೆ ಹೊರಟೇ ಇದೆ ಎಂದರು ಅಕ್ಕೋರು. ಮುದುಕಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಬದುವಿನ ವ್ಯಾಜ್ಯವಿದ್ದ ಪಕ್ಕದ ಹೊಲದವನ ಕಡೆ ತಿರುಗಿದರು.

"ಕೇಳಿದ್ಯಲ್ಲೋ? ಬದು ನಾ ಒತ್ತಿಲ್ಲ, ಭೂಮಿನ ಸರದೈತಿ ಅಂತ ಇನ್ನ ಕೋರ್ಟಿನ್ಯಾಗ ಹೇಳ್ತಿ ನೀ!"

ನಗೆ ನಿಲ್ಲಲು ಹೊತ್ತು ಹಿಡಿಯಿತು. ಹೊಲಗಳೆಲ್ಲ ಕೂಡಿಯೇ ಹೊರಟಿವೆ, ಬದು ಸರಿಯುವುದಿಲ್ಲ ಎಂದು ಅಕ್ಕೋರು ಎರಡೂ ಕಡೆಯವರಿಗೆ ಬಿಡಿಸಿ ಹೇಳಬೇಕಾಯಿತು. ಮಗನೂ ಆಗ ನಕ್ಕ. ಅದನ್ನು ನೋಡಿಯೇ ಮುದುಕಿ ಹೇಳಿದರು:

"ಗುಡ್ಡಕ್ಕ ಹೋಗ್ರಿ, ಅಕ್ಕೋರ. ನಮ್ಮ ಹುಡುಗೀನೂ ಕಳಸ್ತೀನಿ. ಆದ್ರ ಎತ್ತೂದಕ್ಕ ಮೊದ್ಲ ಕೇಳ್ರಿ."

ಮಗ ರೊಟ್ಟಿಯ ಬುಟ್ಟಿಯನ್ನು ಅಕ್ಕೋರ ಕಡೆ ಸರಿಸಿದ. ಆ ಮನೆಯ ಹುಡುಗಿ ಹೋಗುತ್ತಾಳೆ ಎಂದ ಮೇಲೆ ಬೇರೆ ಮನೆಗಳಲ್ಲೂ ತಕರಾರು ಉಳಿಯಲಿಲ್ಲ.

ಕೇಳುವುದು ಅಂದಿನಿಂದ ಅವರ ಪಾಠದ ಭಾಗವಾಯಿತು. ಮುಂದಿನ ವರ್ಷ ನಾನೂ ಜೊತೆಗೆ ಹೋಗಿದ್ದೆ. ಮಕ್ಕಳು ಕಲ್ಲಿಗೆ ಕೈ ಹಚ್ಚುವ ಮುನ್ನ ಹತ್ತಿರದ ಹೊಲದವರನ್ನು ಕೂಗಿ, "ಇದು ದೇವರೇನ್ರಿ, ಕಲ್ಲೇನ್ರಿ?" ಎಂದು ಕೇಳುತ್ತಿದ್ದರು. ಕೆಲವರು ಕೂಡಲೇ ಹೇಳುತ್ತಿದ್ದರು. ಒಬ್ಬ ಮಾತ್ರ ಎತ್ತಿನ ಕುಂಟೆ ನಿಲ್ಲಿಸಿ, ತಲೆ ಕೆರೆದು, "ಸದ್ಯಕ್ಕ ಕಲ್ಲ ಐತಿ, ಒಯ್ರಿ" ಎಂದ. ಅಕ್ಕೋರು ಆ ಉತ್ತರವನ್ನು ಬಹಳ ಕಾಲ ಹೇಳಿಕೊಂಡು ನಗುತ್ತಿದ್ದರು.

ಆಮೇಲೆ ನನಗೆ ಕೊಪ್ಪಳಕ್ಕೆ ವರ್ಗವಾಯಿತು. ಅವರು ಅದೇ ಶಾಲೆಯಲ್ಲಿ ನಿವೃತ್ತರಾಗಿ ಗಂಗಾವತಿಯಲ್ಲಿ ತಂಗಿಯ ಮನೆ ಸೇರಿದರು. ಆಗೀಗ ಫೋನು ಬರುತ್ತಿತ್ತು. ಗಿಣಿಗೇರಾ ಕಡೆ ಹೋದರೆ ರಸ್ತೆಗೆಂದು ಸೀಳಿದ ದಿಬ್ಬದಲ್ಲಿ ಕರಿಕಲ್ಲಿನ ಪಟ್ಟಿ ಕಾಣುತ್ತದೆಯೇ ನೋಡಿ ಹೇಳಿ ಎಂದಿದ್ದರು. ಹೋದೆ, ನೋಡಿದೆ, ಇತ್ತು. ಹೇಳಲು ಫೋನು ಮಾಡಿದಾಗ ತಂಗಿ ಎತ್ತಿಕೊಂಡರು...

ನಮ್ಮ ಜಿಲ್ಲಾ ಪುಟದ ನಿಧನ ವಾರ್ತೆಯನ್ನು ನಾನೇ ಬರೆದೆ. ಹೆಸರು, ವಯಸ್ಸು, ನಿವೃತ್ತ ಶಿಕ್ಷಕಿ, ಅಂತ್ಯಕ್ರಿಯೆ ಗಂಗಾವತಿಯಲ್ಲಿ. ಅಷ್ಟಕ್ಕೇ ಜಾಗವಿತ್ತು.

ಮಂಗಳೂರಿನ ಹೊಲದಿಂದ ಬಂದ ಮಾರನೆಯ ದಿನ, ಗುಡ್ಡದ ನಡಿಗೆ ಈಗಲೂ ಇದೆಯೇ ಎಂದು ಕೇಳಲು ಅಕ್ಕೋರ ಶಾಲೆಗೆ ಫೋನು ಮಾಡಿದೆ. ಅವರ ಜಾಗಕ್ಕೆ ಬಂದವರು ಮಾತಾಡಿದರು. ಹಿಂದಿನ ಎರಡು ವರ್ಷ ಗುಡ್ಡಕ್ಕೆ ಹೋಗುವುದು ಆಗಿರಲಿಲ್ಲ. ಈ ವರ್ಷ ಎಲ್ಲ ಮನೆಗಳಿಂದಲೂ ಒಪ್ಪಿಗೆ ಬಂದಿದೆ. ಹೋಗುವ ದಿನ ಇನ್ನೂ ಗೊತ್ತುಮಾಡಿಲ್ಲ.