ಗಾಜಿನ ಗುಳ್ಳೆ ಸೋಸುತ್ತಿದ್ದ ಅಕ್ಕ

ಅಕ್ಕನಿಗೆ ಹುಬ್ಬುಗಳಿರಲಿಲ್ಲ. ಹಿಂದೆ ಯಾವುದೋ ಕಾರಖಾನೆಯ ಭಟ್ಟಿ ಸಿಡಿದು ಸುಟ್ಟುಹೋದವು ಮತ್ತೆ ಬೆಳೆಯಲೇ ಇಲ್ಲ. ಹಾಗಾಗಿ ಅವಳ ಮುಖ ಸದಾ ಬೆಚ್ಚಿಬಿದ್ದಂತೆ ಕಾಣುತ್ತಿತ್ತು.

ಐವತ್ತರ ದಶಕದ ಕೊನೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ ನಾನು ಧಾರಾವಿಯ ಒಂದು ತಗಡಿನ ಶೆಡ್ಡಿನಲ್ಲಿ ಕೆಮಿಸ್ಟನಾಗಿ ಸೇರಿದ್ದೆ. ಜ್ವಾಲಾಮುಖಿಯ ಗಾಜುಕಲ್ಲನ್ನು ಪುಡಿಮಾಡಿ ಎಣ್ಣೆಯಿಂದ ಉರಿಯುವ ಭಟ್ಟಿಗೆ ಬಿಟ್ಟರೆ, ಒಳಗಿನ ನೀರಿನಂಶ ಆವಿಯಾಗಿ ಒಂದೊಂದು ಕಣವೂ ಅರಳಿನಂತೆ ಉಬ್ಬಿ ಟೊಳ್ಳು ಗುಳ್ಳೆಯಾಗುತ್ತಿತ್ತು. ಶಾಖ ಹೊರಹೋಗದಂತೆ ಬಿಸಿ ಕೊಳವೆಗಳ ಸುತ್ತ ತುಂಬಲು ಅದನ್ನು ಕೊಳ್ಳುತ್ತಿದ್ದರು. ಪುಡಿ ಜರಡಿ ಹಿಡಿಯುವುದು, ಗುಳ್ಳೆಗಳನ್ನು ತೊಟ್ಟಿಯ ನೀರಿಗೆ ಸುರಿದು ತೇಲಿದ್ದನ್ನು ಸೋಸುವುದು ಅಕ್ಕನ ಕೆಲಸ.

ವಿಜಾಪುರದ ಕಡೆಯವಳು; ಶೆಡ್ಡಿನವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಭಟ್ಟಿ ಹೊತ್ತಿಸುವಾಗ ಬೀದಿಗೇ ಹೋಗಿ ನಿಲ್ಲುತ್ತಿದ್ದಳು. ಕೆಲಸದವರು "ಡರಪೋಕ್", ಪುಕ್ಕಲಿ ಎಂದು ನಗುತ್ತಿದ್ದರು. "ನಗ್ರಿ, ನಗ್ರಿ. ಅದರ ದನಿ ನನಗ ಗೊತ್ತೈತಿ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಭಟ್ಟಿಯ ಭೋರ್ಗರೆತ ಥಟ್ಟನೆ ನಿಂತಿತು. ಉರಿ ಆರಿತ್ತು, ಎಣ್ಣೆ ಮಾತ್ರ ಒಳಗೆ ಹರಿಯುತ್ತಲೇ ಇತ್ತು. ಗಿರಾಕಿ ಬರುವ ಹೊತ್ತು. "ಜಲ್ದಿ ಜಲಾವೊ!", ಬೇಗ ಹೊತ್ತಿಸು ಎಂದು ಮಾಲೀಕ ಸೇಠ್ ಹೊರಗಿನಿಂದ ಕೂಗಿದ. ನಾನು ಪಂಜು ಹೊತ್ತಿಸಿಕೊಂಡು ಹತ್ತಿರ ಹೋದೆ.

ಅಕ್ಕ ಓಡಿಬಂದು ನನ್ನ ಮಣಿಕಟ್ಟು ಹಿಡಿದಳು. "ಬ್ಯಾಡ್ರಿ ಸಾಹೇಬ್ರ! ಒಳಗ ಎಣ್ಣಿ ಹೊಗಿ ತುಂಬೇತಿ!"

"ಬಿಡಮ್ಮ, ಸೇಠ್ ಕಾಯ್ತಿದ್ದಾರೆ."

"ಕಾಯಲಿ. ಊರಾಗ ನಿಮ್ಮವ್ವನೂ ಕಾಯಾಕತ್ಯಾಳ."

ಪಂಜನ್ನು ಕಿತ್ತು ತೊಟ್ಟಿಗೆ ಅದ್ದಿದಳು. ನನ್ನನ್ನು ಬಾಗಿಲ ಕಡೆಗೆ ಎಳೆದಳು. ಹೊಸ್ತಿಲು ದಾಟುವಷ್ಟರಲ್ಲಿ ಕಾದ ಇಟ್ಟಿಗೆಗಳಿಂದಲೇ ಆ ಹೊಗೆ ಹೊತ್ತಿಕೊಂಡಿತು. ನೆಲ ನಡುಗಿತು, ಮಾಡಿನ ತಗಡು ಹಾರಿತು. ತಿರುಗಿ ನೋಡಿದರೆ ನಾನು ನಿಂತಿದ್ದ ಜಾಗದಲ್ಲಿ ಇಟ್ಟಿಗೆಯ ರಾಶಿ.

ಪ್ಯಾಂಟು ಒದ್ದೆಯಾಗಿದ್ದು ನನಗೇ ತಿಳಿದಿರಲಿಲ್ಲ. ಅಕ್ಕ ನೋಡಿದಳು. ಬಾಗಿಲ ಬಳಿಯಿದ್ದ ಬಕೆಟ್ಟನ್ನು ಎತ್ತಿ ನೀರನ್ನೆಲ್ಲ ನನ್ನ ಮೇಲೆ ಸುರಿದಳು. ಓಡಿಬಂದವರಿಗೆ, "ಸಾಹೇಬ್ರ ಮ್ಯಾಲ ಕಿಡಿ ಹಾರಿತ್ತು, ಆರಿಸಿದೆ" ಎಂದಳು. ಆಮೇಲೆ ಗೋಡೆಗೊರಗಿ ಮಗುವಿನ ಹಾಗೆ ಅತ್ತಳು.

ಎರಡು ವರ್ಷದ ಮೇಲೆ ಅಕ್ಕ ಕೆಮ್ಮಿ ಕೆಮ್ಮಿ ಸತ್ತಳು. ಆ ಪುಡಿಯ ಧೂಳು ಎದೆಯಲ್ಲಿ ಕೂತಿದೆ ಎಂದರು ಡಾಕ್ಟರು. ಓದಿದವನು ನಾನು, ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ಅವಳಿಗೆ ಒಂದು ದಿನವೂ ಹೇಳಿರಲಿಲ್ಲ.