ಬೆಣ್ಣೆ ಬಾರದ ಹಾಡು

ಕಳೆದ ವರ್ಷ ದೀಪಾವಳಿ ಮುಗಿದ ವಾರ, ನನ್ನ ಎಪ್ಪತ್ತೆರಡನೇ ವಯಸ್ಸಿನಲ್ಲಿ, ನನ್ನ ಮೊದಲ ಆಲ್ಬಮ್ ಹೊರಬಂತು. ಕಂಪನಿ ಗಿಂಪನಿ ಏನಿಲ್ಲ. ಕೊಪ್ಪದ ಮನೆಯ ಹಾಲ್‌ನಲ್ಲಿ ಕೂತು ನಾನೇ ಗಿಟಾರ್ ನುಡಿಸಿ, ನಾನೇ ಹಾಡಿ, ನಾನೇ ರೆಕಾರ್ಡ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ ಐದು ಹಾಡುಗಳು. ಮೂವತ್ತು ವರ್ಷ ಮ್ಯೂಸಿಕ್ ಟೀಚರ್ ಆಗಿದ್ದವಳಿಗೆ ಅಷ್ಟಾದರೂ ಧೈರ್ಯ ಬೇಡವೇ?

ಆಮೇಲೆ ಶುರುವಾಯಿತು ನೋಡಿ, ರಿವ್ಯೂಗಳ ಕಾಟ. ಶೃಂಗೇರಿಯ ಅತ್ತಿಗೆ ಫೋನ್ ಮಾಡಿ, “ಚೆನ್ನಾಗಿತ್ತು ಮಾರಾಯ್ತಿ, ಆದ್ರೆ ದೇವರದ್ದು ಒಂದೂ ಇಲ್ವಲ್ಲ?” ಎಂದರು. ತರಕಾರಿ ಅಂಗಡಿಯ ಶೇಖರ ಬೀನ್ಸ್ ತೂಗುತ್ತಲೇ, “ಎರಡ್ನೇದು ಸೂಪರ್ ಟೀಚರ್ರೇ. ಮೂರ್ನೇದ್ರಲ್ಲಿ ಮಾತ್ರ ನಿಮ್ಮನೆ ಕುಕ್ಕರ್ ಕೂಗಿದ್ದು ಕೇಳ್ತದೆ” ಎಂದು ತೀರ್ಪು ಕೊಟ್ಟ. ಹಳೆಯ ಸ್ಟೂಡೆಂಟ್ ಒಬ್ಬಳು ಸಾಲಾಗಿ ಕೆಂಪು ಹಾರ್ಟ್‌ಗಳನ್ನು ಕಳಿಸಿದಳು; ಹಾಡು ಕೇಳಿದಳೋ ಇಲ್ಲವೋ, ಗಾಡ್ ನೋಸ್. ಇದನ್ನೆಲ್ಲ ಸಹಿಸಿದೆ. ಸಹಿಸಲಾಗದ್ದು ಬಂದದ್ದು ಎನ್.ಆರ್. ಪುರದಿಂದ.

ಅಲ್ಲಿನ ರಿಟೈರ್ಡ್ ಮೇಷ್ಟ್ರು ಶಿವಣ್ಣನವರು ಒಂದು ಸಣ್ಣ ವಾರಪತ್ರಿಕೆಗೆ ಬರೆಯುತ್ತಾರೆ. ನಾಲ್ಕು ಹಾಡುಗಳನ್ನು ಹೊಗಳಿ, ಕೊನೆಯದಕ್ಕೆ ಹೀಗೆ ಬರೆದಿದ್ದರು: “ಇದು ಮೊಸರು ಕಡೆಯುವ ಹಾಡು. ಈ ವೇಗದಲ್ಲಿ ಕಡೆದರೆ ಸಂಜೆಯಾದರೂ ಬೆಣ್ಣೆ ಬಾರದು. ಗಾಯಕಿ ಹಾಡನ್ನು ತಪ್ಪಾಗಿ ಕಲಿತಿದ್ದಾರೆ.”

ತಪ್ಪಾಗಿ! ಅದು ನನ್ನ ಅಮ್ಮನ ಹಾಡು. ಹಿರೇಕೊಡಿಗೆಯ ಮನೆಯಲ್ಲಿ ಮೊಸರು ಕಡೆಯುತ್ತ ಹಾಡುತ್ತಿದ್ದಳು. ಏಳು ವರ್ಷಕ್ಕೇ ನನ್ನನ್ನು ಘಟ್ಟದ ಕೆಳಗಿನ ಕಾನ್ವೆಂಟ್ ಹಾಸ್ಟೆಲ್‌ಗೆ ಹಾಕಿದರು. ಮೊದಲ ರಜೆಗೆ ಬರುವಷ್ಟರಲ್ಲಿ ಅಮ್ಮ ತೀರಿಹೋಗಿದ್ದಳು. ಅವಳದೊಂದು ಫೋಟೋ ಕೂಡ ಇಲ್ಲ. ಹಾಸ್ಟೆಲ್ ಮಂಚದ ಮೇಲೆ ಮುಸುಕು ಹಾಕಿಕೊಂಡು ಗುನುಗಿ ಗುನುಗಿ ಉಳಿಸಿಕೊಂಡದ್ದು ಆ ಹಾಡೊಂದೇ. ಅದೂ ತಪ್ಪೆಂದರೆ ಅಮ್ಮನದು ಅಂತ ನನ್ನ ಹತ್ತಿರ ಇನ್ನೇನಿದೆ?

ಇಂಗ್ಲಿಷಿನಲ್ಲಿ ಎರಡು ಪುಟ ಉತ್ತರ ಬರೆದೆ. ಹರಿದೆ. ಮರುದಿನ ಬೆಳಿಗ್ಗೆ ಬಸ್ ಹತ್ತಿದೆ.

ಶಿವಣ್ಣ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. “ಆ ಬೆಣ್ಣೆ ಬಾರದ ಗಾಯಕಿ ನಾನೇ” ಎಂದೆ.

“ಓಹೋ, ಬನ್ನಿ, ಕೂರಿ. ಕಾಫಿ ಕುಡೀತೀರಲ್ಲ?”

“ಕಾಫಿ ಬೇಡ. ವಿತ್‌ಡ್ರಾ ಮಾಡಿ.”

“ಎಂತದನ್ನ?”

“ರಿವ್ಯೂನ!”

“ಅಚ್ಚಾಗಿ ಹೋಯ್ತಲ್ಲ ಮಾರಾಯ್ರೇ” ಎಂದವರು ಒಳಗೆ ತಿರುಗಿ ಕೂಗಿದರು, “ಅವ್ವಾ, ಆ ಟೀಚರು ಬಂದಿದಾರೆ ನೋಡು!”

ತೊಂಬತ್ತು ದಾಟಿದ ಅವರ ತಾಯಿ ಗೋಡೆ ಹಿಡಿದುಕೊಂಡು ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀನೇನೇ ಅದು? ದನಿ ಚೆನ್ನಾಗಿದೆ. ಆದ್ರೆ ಎಂತ ಹಾಡದು, ಕಡಗೋಲು ಹಿಡ್ಕಂಡು ನಿದ್ದೆ ಮಾಡ್ದಂಗೆ!” ಎಂದರು.

ಇಲ್ಲೂ ಮಿಕ್ಸೆಡ್ ರಿವ್ಯೂ!

ಅಷ್ಟಕ್ಕೇ ಬಿಡಲಿಲ್ಲ. ಅಡುಗೆಮನೆಗೆ ಕರೆದೊಯ್ದು, ಮೊಸರಿನ ಗಡಿಗೆಯ ಮುಂದೆ ಕೂರಿಸಿ, ಕಡಗೋಲಿನ ಹಗ್ಗ ಕೈಗೆ ಕೊಟ್ಟರು. “ಹಾಡು ಈಗ. ನಿಂದೇ ಹಾಡು.”

ಹಾಡಿದೆ. ಹಾಡಿನ ಲೆಕ್ಕಕ್ಕೆ ಹಗ್ಗ ಎಳೆದೆ. ಗಡಿಗೆಯೊಳಗೆ ಒಂದು ಸಲ ಗುಳುಂ ಅಂತು, ಸುಮಾರು ಹೊತ್ತಿನ ಮೇಲೆ ಇನ್ನೊಂದು ಸಲ.

“ನೋಡಿದ್ಯಾ? ಮೊಸರಿಗೆ ಎಚ್ಚರವೇ ಆಗ್ಲಿಲ್ಲ” ಎಂದ ಅಜ್ಜಿ, ತೊಡೆ ತಟ್ಟುತ್ತ ತಾವೇ ಶುರು ಮಾಡಿದರು: “ಬಾರಮ್ಮ ಬೆಣ್ಣೆ ಬಾರಮ್ಮ, ಬಿಸಿಲೇರೋ ಮೊದ್ಲು ಬಾರಮ್ಮ!” ಅದೇ ಮಾತು, ಅದೇ ಟ್ಯೂನ್, ಆದರೆ ಎರಡು ಪಟ್ಟು ವೇಗ. ಎಳೆದೆ, ಎಳೆದೆ. ಭುಜ ಬಿದ್ದುಹೋಯಿತು, ಸೀರೆಗೆಲ್ಲ ಮಜ್ಜಿಗೆ ಸಿಡಿಯಿತು. ಕೊನೆಗೆ ಬೆಣ್ಣೆ ಬಂದೇಬಿಟ್ಟಿತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರು.

“ನಮ್ಮಮ್ಮ ನಿಧಾನವೇ ಹಾಡಿದ್ದು” ಎಂದೆ. “ನಂಗೆ ಚೆನ್ನಾಗಿ ನೆನಪಿದೆ. ನಾನು ಹಾಸ್ಟೆಲ್‌ಗೆ ಹೊರಟ ದಿನ. ಟ್ರಂಕು ಬಾಗಿಲಲ್ಲಿತ್ತು. ಅಪ್ಪ ‘ಬಸ್ಸಿಗೆ ಹೊತ್ತಾಯ್ತು, ಆಯ್ತಾ, ಆಯ್ತಾ’ ಅಂತ ಒಂದೇ ಸಮ ಕೂಗ್ತಿದ್ರು. ಅಮ್ಮ, ‘ಬೆಣ್ಣೆ ಬರ್ಲಿ, ಕೂಸಿಗೆ ರೊಟ್ಟಿಗೆ ಹಚ್ಚಿಕೊಡ್ತೆ, ಆಮೇಲೆ ಹೊರಡಿ’ ಅಂತ ಹೇಳಿ ಕಡೀತಾ ಇದ್ಲು.”

ಬೆಣ್ಣೆ ತೆಗೆಯುತ್ತಿದ್ದ ಅಜ್ಜಿಯ ಕೈ ನಿಂತಿತು.

“ಹಂಗಾದ್ರೆ ನೀ ಸರಿಯಾಗೇ ಕಲ್ತಿದೀಯ ಬಿಡು” ಎಂದರು. “ಬೆಣ್ಣೆ ಬಂದ್ರೆ ನೀ ಹೊರಡ್ತಿದ್ಯಲ್ಲೇ. ಅವತ್ತು ಅವ್ಳಿಗೆ ಬೆಣ್ಣೆ ಬರೋದು ಬೇಡಾಗಿತ್ತು.”

ಅರವತ್ತೈದು ವರ್ಷ ಆ ಹಾಡನ್ನು ಹಾಡಿಕೊಂಡಿದ್ದೆ. ಒಂದು ದಿನವೂ ನನಗೆ ಅದು ಹೊಳೆದಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಶಿವಣ್ಣ, “ಇದನ್ನ ಆಲ್ಬಮ್ ಕೆಳಗೆ ಒಂದು ಸಾಲು ಬರೀಬಾರ್ದಿತ್ತಾ ಟೀಚರ್ರೇ?” ಎಂದರು. ಎಂಥ ಮನುಷ್ಯ! ನನಗೇ ಈಗ ಗೊತ್ತಾದದ್ದನ್ನು ಬರೆಯುವುದೆಲ್ಲಿಂದ? ಅಜ್ಜಿ ಮಾತ್ರ ಒಂದು ರೊಟ್ಟಿಗೆ ಆ ಬೆಣ್ಣೆ ಹಚ್ಚಿ ನನ್ನ ಕೈಗಿಟ್ಟರು.

ಮುಂದಿನ ವಾರ ಪತ್ರಿಕೆಯಲ್ಲಿ ತಿದ್ದುಪಡಿ ಬಂತು: “ಐದನೆಯ ಹಾಡಿನ ವೇಗ ಸರಿಯಾಗಿದೆ. ಗಿಟಾರ್ ಮಾತ್ರ ಸ್ವಲ್ಪ ಜಾಸ್ತಿಯಾಯಿತು.”

ಗಿಟಾರ್ ಜಾಸ್ತಿಯಂತೆ. ರಿಡಿಕ್ಯುಲಸ್! ಇದಕ್ಕೆ ನಾನು ಉತ್ತರ ಬರೆಯಲು ಹೋಗಲಿಲ್ಲ. ಈಗ ಆ ಹಾಡನ್ನು ಇನ್ನೂ ನಿಧಾನವಾಗಿ ಹಾಡುತ್ತೇನೆ.