ಹಾಡಿನ ಹಿಂದೆ ನಡೆದುಹೋದವರು

"ಒಸಿ ನಿಲ್ಸಪ್ಪ, ನಮ್ ಯಜಮಾನ್ರು ಓಯ್ತಾವ್ರೆ!" ಅಜ್ಜಿಯೊಬ್ಬರು ಎದ್ದು ಟಿ.ವಿ. ಹತ್ತಿರ ಬಂದರು.

ಗುಂಡ್ಲುಪೇಟೆಯ ಕಾಲೇಜು ಹುಡುಗರು ಮಾಡಿದ ಹಾಡಿನ ವಿಡಿಯೊ ಅದು. ಮದುವೆ ವಿಡಿಯೊ ತೆಗೆಯುವ ನಾನೇ ಭೀಮನಬೀಡಿನಲ್ಲಿ ಚಿತ್ರೀಕರಿಸಿದ್ದೆ. ಅದೇ ಊರಿನವರಿಗೆ ತೋರಿಸಿ ಅಭಿಪ್ರಾಯ ಕೇಳುತ್ತಿದ್ದೆವು. ಹಾಡುವವರ ಹಿಂದೆ ಬೀಡಿ ಸೇದುತ್ತಾ ದಾಟಿದ ಮುದುಕರೊಬ್ಬರಿಂದ ಶಾಟ್ ಕೆಟ್ಟಿತು, ಕತ್ತರಿಸಬೇಕು ಎಂದು ಹುಡುಗರು ಹಟ ಹಿಡಿದಿದ್ದರು. ಅವರೇ ಈ ಅಜ್ಜಿಯ ಗಂಡ; ಹೋದ ತಿಂಗಳು ತೀರಿಕೊಂಡಿದ್ದರು.

ಕ್ಯಾಸೆಟ್ ನಿಲ್ಲಿಸಿದೆ. ಟೇಪ್ ನಿಲ್ಲಿಸಿದಾಗ ಆಗುವಂತೆ, ನಿಂತ ಚಿತ್ರ ಅದುರತೊಡಗಿತು.

"ಯಾಕಪ್ಪ ಇಂಗೆ ನಡುಗ್ತಾವ್ರೆ? ಚಳಿಯಾ?"

ಹಟ ಹಿಡಿದಿದ್ದ ಹುಡುಗರಲ್ಲೇ ಒಬ್ಬ ನನ್ನತ್ತ ತಿರುಗಿ, "ಆ ಶಾಟ್ ಇರ್ಲಿ ಬುಡಣ್ಣ" ಎಂದ.

ಓದು ಅರ್ಧಕ್ಕೆ ಬಿಟ್ಟು, ದುಡಿದು ಕೊಂಡ ಕ್ಯಾಮೆರಾ ನನ್ನದು. ಆ ದಿನದಿಂದ ಮದುವೆಮನೆಯಲ್ಲಿ ತೋಳು ಸೋತಿದ್ದರೂ, ಮೂಲೆಯಲ್ಲಿ ಕೂತ ಹಿರಿಯರ ಕಡೆ ಅದನ್ನು ಒಮ್ಮೆ ತಿರುಗಿಸಿಯೇ ಕೆಳಗಿಡುತ್ತೇನೆ.